ಬೆನ್ನುಹುರಿಯನ್ನು ಹಿಂದುಮುಂದು ಮಾಡಿಟ್ಟೆ, ನರಗಳು ದಾರಿ ತಪ್ಪಲಿಲ್ಲ

ಕೋಳಿಮೊಟ್ಟೆಗೆ ಕಿಟಕಿ ಕೊರೆಯುವುದು ಕೈಗೆ ಹತ್ತಲು ನನಗೆ ಎರಡು ತಿಂಗಳೇ ಬೇಕಾಯಿತು. ಮೊದಲು ಸಿರಿಂಜಿನಿಂದ ಎರಡು-ಮೂರು ಮಿಲಿಲೀಟರ್ ಬಿಳಿಲೋಳೆ ಎಳೆಯಬೇಕು. ಆಗ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಇದನ್ನು ಮರೆತರೆ ಕತ್ತರಿ ನೇರ ಭ್ರೂಣಕ್ಕೇ ತಾಗುತ್ತದೆ. ನಾನು ಒಂದಲ್ಲ, ಹಲವು ಸಲ ಮರೆತಿದ್ದೇನೆ.

ನಾನು ಮಾಡಲು ಹೊರಟಿದ್ದು ಹಳೆಯ ಪ್ರಯೋಗ. ಸಿಂಥಿಯಾ ಲ್ಯಾನ್ಸ್-ಜೋನ್ಸ್ ಮತ್ತು ಲಿನ್ ಲ್ಯಾಂಡ್‌ಮೆಸ್ಸರ್ ಎಂಬ ವಿಜ್ಞಾನಿಗಳು 1980ರ ಸುಮಾರಿಗೆ ಮಾಡಿ ತೋರಿಸಿದ್ದು. ಕಾಲಿಗೆ ನರ ಕಳಿಸುವ ಬೆನ್ನುಹುರಿಯ ತುಂಡನ್ನು ಬಿಡಿಸಿ, ಹಿಂದುಮುಂದು ಮಾಡಿ ಅಲ್ಲೇ ಕೂರಿಸುವುದು. ಹೊರಡುವ ಬಾಗಿಲು ಬದಲಾದರೆ ಸೇರುವ ಸ್ನಾಯುವೂ ಬದಲಾಗುತ್ತದಾ? ಇಷ್ಟೇ ಪ್ರಶ್ನೆ.

ಎರಡೂವರೆ ದಿನದ ಭ್ರೂಣ ಬೇಕು. ಆಗಿನ್ನೂ ಕಾಲಿನತ್ತ ನರತಂತುಗಳು ಹೊರಟೇ ಇರುವುದಿಲ್ಲ. ಕಷ್ಟವೇನೆಂದರೆ ಭ್ರೂಣ ಗಾಜಿನ ಹಾಗೆ, ಏನೂ ಕಾಣುವುದಿಲ್ಲ. ಅದರಡಿಗೆ ಒಂದಿಷ್ಟು ಇಂಡಿಯಾ ಇಂಕ್ ಬಿಟ್ಟರೆ ಬೆನ್ನಿನುದ್ದಕ್ಕೂ ಸಾಲಾಗಿರುವ ಅಂಗಾಂಶದ ಉಂಡೆಗಳು, ಅಂದರೆ ಸೋಮೈಟ್‌ಗಳು, ಪೋಣಿಸಿದ ಮಣಿಗಳಂತೆ ಎದ್ದು ಕಾಣುತ್ತವೆ. ಅವನ್ನು ಎಣಿಸಿಯೇ ಜಾಗ ಹಿಡಿಯಬೇಕು. ಟಂಗ್‌ಸ್ಟನ್ ಸೂಜಿಯಿಂದ ಮೂರು ಖಂಡದಷ್ಟು (ಒಂದು ಸೋಮೈಟ್‌ನ ಉದ್ದ ಒಂದು ಖಂಡ) ನರಕೊಳವೆ, ಅಂದರೆ ಮುಂದೆ ಬೆನ್ನುಹುರಿಯಾಗುವ ಕೊಳವೆ, ಬಿಡಿಸಿ, ತಿರುಗಿಸಿ, ಕೂರಿಸಿ, ಟೇಪ್ ಅಂಟಿಸಿ ಮತ್ತೆ ಇನ್‌ಕ್ಯುಬೇಟರ್‌ಗೆ. ಬದುಕಿದ್ದು ಕಡಿಮೆ.

ಆರೇಳನೇ ದಿನ ಭ್ರೂಣ ಹೊರತೆಗೆದು, ತೊಡೆಯ ಮುಂದಿನ ಸಾರ್ಟೋರಿಯಸ್ ಸ್ನಾಯುವಿಗೆ ಎಚ್‌ಆರ್‌ಪಿ ಎಂಬ ಕಿಣ್ವ ಚುಚ್ಚುತ್ತಿದ್ದೆ. ಆಮ್ಲಜನಕ ಹಾಯಿಸಿದ ದ್ರಾವಣದಲ್ಲಿ ಕೆಲವು ಗಂಟೆ ಇಟ್ಟರೆ ನರತಂತು ಅದನ್ನು ಹೀರಿಕೊಂಡು ಬೆನ್ನುಹುರಿಯ ಕೋಶದವರೆಗೂ ಒಯ್ಯುತ್ತದೆ. ಬಣ್ಣ ಬರಿಸಿದಾಗ ಆ ಕೋಶ ಕಂದು ಚುಕ್ಕೆ.

ಈ ಸ್ನಾಯುವಿನ ಕೋಶಗಳು ಕಾಲಿನ ನರಗಳು ಹೊರಡುವ ಭಾಗದಲ್ಲಿ ಮೊದಲೆರಡು ಖಂಡಗಳಲ್ಲಿರುತ್ತವೆ. ನನ್ನ ಸ್ಲೈಡಿನಲ್ಲಿ ಚುಕ್ಕೆಗಳು ಇದ್ದದ್ದು ತಿರುಗಿಸಿದ ತುಂಡಿನ ಹಿಂಬದಿಯಲ್ಲಿ. ಅಂದರೆ ಅದೇ ಹಳೆಯ ಕೋಶಗಳು! ಬೇರೆ ಬಾಗಿಲಿನಿಂದ ಹೊರಬಿದ್ದರೂ, ಕಾಲಿನ ಬುಡದಲ್ಲಿ ನರಗಳು ಹೆಣೆದುಕೊಳ್ಳುವ ಜಾಲವಾದ ಪ್ಲೆಕ್ಸಸ್‌ನಲ್ಲಿ ಅಡ್ಡ ಹಾಯ್ದು ತಮ್ಮ ಸ್ನಾಯುವನ್ನೇ ಹಿಡಿದಿದ್ದವು. ಆ ರಾತ್ರಿ ಮೈಕ್ರೋಸ್ಕೋಪ್ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ನನಗೆ ಪ್ಲೆಕ್ಸಸ್ಸೇ ಎಲ್ಲಕ್ಕಿಂತ ಇಷ್ಟ. ತಂತುಗಳು ಅಲ್ಲಿಗೆ ಬಂದು ಸುಮಾರು ಒಂದು ದಿನ ತಡೆದು ನಿಲ್ಲುತ್ತವೆ. ಸುಮ್ನೆ ಅಲ್ಲ, ಗುಂಪು ಬದಲಿಸುತ್ತವೆ. ಕಾಲಿನ ಮೇಲ್ಬದಿಗೆ, ಅಂದರೆ ಬೆನ್ನಿನ ಕಡೆಗೆ, ಹೋಗಬೇಕಾದವುಗಳ ಮೈಮೇಲೆ ಎಫ್‌ಎ4 ಎಂಬ ಗ್ರಾಹಿ (ಸಂಕೇತ ಹಿಡಿಯುವ ಪ್ರೋಟೀನ್) ಜಾಸ್ತಿ. ಕೆಳಬದಿಯ ಅಂಗಾಂಶದಲ್ಲಿರುವ ಎಫ್ರಿನ್-ಎ ಎಂಬ ಸಂಕೇತ ಪ್ರೋಟೀನ್ ತಾಗಿದ ಕೂಡಲೇ ಅವು ಹಿಂದೆ ಸರಿಯುತ್ತವೆ. ‘ಬಾ’ ಅನ್ನುವವರಷ್ಟೇ ‘ಈ ಕಡೆ ಬೇಡ’ ಅನ್ನುವವರೂ ದಾರಿ ತೋರಿಸುತ್ತಾರೆ, ಅಲ್ವಾ?

ಹಾಗಾದರೆ ಸ್ನಾಯುವಿಗೇನು ಕೆಲಸ? ಕಾಲಿನ ಸ್ನಾಯುಕೋಶಗಳು ಸೋಮೈಟ್‌ಗಳಿಂದ ವಲಸೆ ಬರುತ್ತವೆ. ಅವು ಬಾರದ ಹಾಗೆ ಮಾಡಿದರೂ ಮುಖ್ಯ ನರಗಳು ಸರಿಯಾಗೇ ಬೆಳೆಯುತ್ತವೆ. ಆದರೆ ಒಂದೊಂದು ಸ್ನಾಯುವಿಗೆ ಒಡೆಯುವ ಕವಲು ಮೂಡುವುದಿಲ್ಲ. ಹೆದ್ದಾರಿಗೆ ಸ್ನಾಯು ಬೇಡ, ಮನೆಗೆ ತಿರುಗುವ ಓಣಿಗೆ ಬೇಕು.

ಇನ್ನು ನನ್ನ ಎಡವಟ್ಟು. ಒಂದಷ್ಟು ಮೊಟ್ಟೆಗಳಲ್ಲಿ ಎಣಿಕೆ ತಪ್ಪಿ ಐದಾರು ಖಂಡ ಕತ್ತರಿಸಿದ್ದೆ. ಅವುಗಳಲ್ಲಿ ಚುಕ್ಕೆಗಳು ಎಲ್ಲೆಲ್ಲೋ. ಕೈ ಕೆಟ್ಟಿತ್ತು ಅಂದುಕೊಂಡು, ‘ಕೆಟ್ಟಿದೆ’ ಅಂತ ಚೀಟಿ ಹಚ್ಚಿ ಬದಿಗಿಟ್ಟೆ. ತಿಂಗಳುಗಳ ಮೇಲೆ ಆ ಹಳೆಯ ವರದಿಗಳನ್ನೇ ಮತ್ತೆ ಓದುವಾಗ ಪೆಚ್ಚಾದೆ. ತೀರಾ ದೂರ ಸರಿಸಿದ ಕೋಶಗಳ ತಂತುಗಳು ಪರ ಸ್ನಾಯುವಿಗೆ ಸೇರಿಬಿಡುತ್ತವೆ ಎಂದು ಅವರೂ ಬರೆದಿದ್ದರು. ಗುರುತುಗಳು ಹತ್ತಿರ ಬಂದವರಿಗಷ್ಟೇ ಸಿಗುತ್ತವೆ. ಬೇರೆ ನೆರೆಹೊರೆಯಲ್ಲಿ ಹೊರಬಿದ್ದ ತಂತು ಕಂಡ ದಾರಿ ಹಿಡಿಯುತ್ತದೆ.

ಪೆಟ್ಟಿಗೆ ಹುಡುಕಿ ಸ್ಲೈಡುಗಳನ್ನು ತೆಗೆದೆ. ಚೀಟಿ ಕಿತ್ತು, ಪ್ರತಿಯೊಂದರ ಮೇಲೂ ಎಷ್ಟು ಖಂಡ ಎಂದು ಬರೆದೆ. ಈ ಸಲ ಎರಡೆರಡು ಬಾರಿ ಎಣಿಸಿ.