ಡೊಂಬಿವಲಿಯಲ್ಲಿ ಕೂತು ಭೋರ್‌ನ ತೋಟದ ಮನೆ ಆರಿಸಿದ ನನ್ನ ಅನುಭವ

ಫೋನಿನಲ್ಲಿ ನೋಡಿ ಯಾರಾದ್ರೂ ಜಮೀನು ತಗೊಳ್ತಾರಾ ಅಂತ ನಮ್ಮ ಕಡೆಯವರೇ ಎರಡು ವರ್ಷ ಕೇಳಿದರು. ಈಗ ಅವರಲ್ಲೇ ಕೆಲವರು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಪುಣೆ ಜಿಲ್ಲೆಯ ಭೋರ್ ತಾಲೂಕಿನಲ್ಲಿ ಹಂಚಿನ ಮನೆ, ಒಂದು ಬಾವಿ, ಸುತ್ತ ಎರಡು ಎಕರೆಗೆ ನಾಲ್ಕೈದು ಗುಂಟೆ ಕಮ್ಮಿ. ಕಳೆದ ಬೇಸಿಗೆಯಲ್ಲಿ ಖರೀದಿ ಮುಗಿಯಿತು. ಕಾಲಿಟ್ಟು ನೋಡಿದ ಜಾಗಗಳು ಬೆರಳೆಣಿಕೆಯಷ್ಟು. ಫೋನಿನಲ್ಲೇ ನೋಡಿ ಬೇಡ ಅಂದಿದ್ದು ಐವತ್ತರ ಮೇಲಿರಬೇಕು.

ಸಾಂಗ್ಲಿ ಜಿಲ್ಲೆಯ ಜತ್ತ ಕಡೆ ನಮ್ಮ ಹೊಲ ಇದೆ, ಸಾತ್‌ಬಾರಾದಲ್ಲಿ (ಮಹಾರಾಷ್ಟ್ರದ ಪಹಣಿ) ನನ್ನ ಹೆಸರೂ ಇದೆ. ಹಾಗಾಗಿ ಜಮೀನು ಕೊಳ್ಳಲು ರೈತ ಅಂತ ತೋರಿಸುವ ತಲೆನೋವು ಇರಲಿಲ್ಲ. ತಲೆನೋವು ಇದ್ದಿದ್ದು ಮುಂಬೈ ಪಕ್ಕದ ಡೊಂಬಿವಲಿಯಿಂದ ಪುಣೆ ದಾಟಿ ಹೋಗುವ ಓಡಾಟದ್ದು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಟೋಲೇ ಆಗ ಒಂದು ಕಡೆಗೆ 320 ರೂಪಾಯಿ ಇತ್ತು. ಪೆಟ್ರೋಲು, ಊಟ, ಪುಣೆಯ ಟ್ರಾಫಿಕ್ ಎಲ್ಲ ಸೇರಿ ಒಂದು ಭಾನುವಾರಕ್ಕೆ ಐದಾರು ಸಾವಿರ ಹೋಗುತ್ತಿತ್ತು. ಅಷ್ಟು ದೂರ ಹೋಗಿ ಇಳಿದರೆ ಹತ್ತೇ ನಿಮಿಷದಲ್ಲಿ ಬೇಡ ಅನ್ನಿಸುವ ಜಾಗ.

ಬ್ರೋಕರ್ ಕಳಿಸುವ 360 ಟೂರ್ (ಸುತ್ತಲೂ ತಿರುಗಿಸಿ ನೋಡಬಹುದಾದ ವೀಡಿಯೋ) ನಂಬಿದರೆ ಕೆಟ್ಟಿರಿ. ಅದು ಅಡುಗೆಮನೆ, ಬಾತ್‌ರೂಮ್, ಪಡಸಾಲೆ ಅಂತ ಮನೆಯೊಳಗೇ ಸುತ್ತುತ್ತದೆ. ನಾವು ದುಡ್ಡು ಕೊಡೋದು ಹೊರಗಿನ ಮಣ್ಣಿಗೆ, ಅಲ್ವಾ? ಅಗಲದ ಲೆನ್ಸಿನಲ್ಲಿ ಅರ್ಧ ಎಕರೆ ಅಂಗಳ ಮೈದಾನದ ಹಾಗೆ ಕಾಣುತ್ತದೆ. ಒಬ್ಬರು ಕಳಿಸಿದ ವೀಡಿಯೋ ಎಲ್ಲರಿಗೂ ಹಿಡಿಸಿತ್ತು, ಹೆಂಡತಿಗಂತೂ ತುಂಬಾ. ನಾನು ಅದನ್ನೇ ನಿಲ್ಲಿಸಿ ನಿಲ್ಲಿಸಿ ನೋಡುತ್ತಾ ಕೂತೆ. ಸಂಜೆ ಬಿಸಿಲಲ್ಲಿ ತೆಗೆದದ್ದು. ಅಂಗಳದ ಮೇಲೆ ಮೂರು ತೆಳ್ಳಗಿನ ಗೆರೆ, ಒಂದರ ಪಕ್ಕ ಒಂದು, ತುಳಸಿಕಟ್ಟೆ ದಾಟಿ ಗೋಡೆ ಹತ್ತಿದ್ದವು. ಹೈಟೆನ್ಷನ್ ತಂತಿಯ ನೆರಳು! ಕ್ಯಾಮೆರಾ ಒಮ್ಮೆಯೂ ಮೇಲೆ ನೋಡಿರಲಿಲ್ಲ. ಆ ಜಾಗಕ್ಕೆ ನಾನು ಹೋಗಲೇ ಇಲ್ಲ.

ಆಮೇಲೆ ಟೂರ್ ನಾನೇ ಮಾಡಿಸತೊಡಗಿದೆ. ಮಾರುವವರಿಗೂ ಬ್ರೋಕರ್‌ಗೂ ಸಂಬಂಧ ಇಲ್ಲದ ಹುಡುಗ ಬೇಕು. ಪಕ್ಕದ ಊರಿನ ಕಾಲೇಜು ಹುಡುಗ ಸಿಕ್ಕಿದ. ಒಂದು ಟೂರ್‌ಗೆ 600-700, ಬೈಕಿನ ಪೆಟ್ರೋಲ್ ಬೇರೆ. ಅಂಥವನನ್ನು ಹೇಗೆ ಹುಡುಕಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಅವನಿಗೆ ಈಗ ಬೇರೆಯವರ ಕೆಲಸವೂ ಇದೆ. ನಿಯಮ ಒಂದೇ: ಡಾಂಬರು ರಸ್ತೆಯಿಂದ ಶುರು, ಗೇಟಿನವರೆಗೆ ಕಟ್ ಇಲ್ಲದೆ ನಡೆಯಬೇಕು. ಅರ್ಧಕ್ಕರ್ಧ ಜಾಗ ಅಲ್ಲೇ ಉದುರಿದವು. ರಸ್ತೆ ಬೇರೆಯವರ ಗಟ್ ನಂಬರಿನೊಳಗೆ (ನಮ್ಮ ಸರ್ವೆ ನಂಬರ್ ಇದ್ದ ಹಾಗೆ) ಹಾದುಹೋಗಿರುತ್ತದೆ, "ಎಲ್ಲರೂ ಹೀಗೇ ಓಡಾಡ್ತಾರೆ" ಅನ್ನುತ್ತಾರೆ. ನಾಳೆ ಅವರು ಬೇಲಿ ಹಾಕಿದರೆ?

ಶುರುವಿನಲ್ಲಿ ಲೈವ್ ಕಾಲ್ ಪದೇ ಪದೇ ಕಟ್ಟಾಗುತ್ತಿತ್ತು. ಘಟ್ಟದ ಸಂದಿಯಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಆಮೇಲೆ ಅವನು ರೆಕಾರ್ಡ್ ಮಾಡಿ ಊರಿಗೆ ಬಂದು ಕಳಿಸುವುದು, ಜೊತೆಗೆ ಗಡಿ ಸುತ್ತ ನಡೆದ ಜಿಪಿಎಸ್ ಟ್ರ್ಯಾಕ್ ಕಳಿಸುವುದು ಅಂತ ಮಾಡಿದೆವು. ಆ ಟ್ರ್ಯಾಕನ್ನು ಗೂಗಲ್ ಅರ್ಥ್ ಮೇಲೆ ಇಟ್ಟು, ಪಕ್ಕದಲ್ಲಿ ಸರ್ಕಾರದ ಜಮೀನು ನಕ್ಷೆಯ ಸೈಟ್ ಮಹಾಭೂನಕ್ಷಾ ತೆರೆದು ಆಕಾರ ಹೋಲಿಸುತ್ತಿದ್ದೆ. ಎರಡೂ ಪೂರ್ತಿ ಕೂಡಲ್ಲ, ಕೆಲವು ಮೀಟರ್ ಆಚೀಚೆ ಇದ್ದೇ ಇರುತ್ತದೆ, ಸರ್ಕಾರಿ ಮೋಜಣಿ ಬೇಕೇ ಬೇಕು. ಆದರೆ ನಾಲ್ಕು ಮೂಲೆಯ ಜಮೀನು ಅಂದಿದ್ದು ನಕ್ಷೆಯಲ್ಲಿ ತ್ರಿಕೋನ ಇದ್ದರೆ ಮನೆಯಲ್ಲೇ ಗೊತ್ತಾಗುತ್ತದೆ. ಹಳೆಯ ಉಪಗ್ರಹ ಚಿತ್ರಗಳನ್ನೂ ತಿರುವಿ ನೋಡಿ. ಮಳೆ ಮುಗಿದ ಮೇಲಿನದೂ ಏಪ್ರಿಲ್-ಮೇ ತಿಂಗಳದೂ ಅಕ್ಕಪಕ್ಕ ಇಟ್ಟರೆ ಹಸಿರು ಎಲ್ಲಿ ಉಳಿಯುತ್ತದೆ ಅಂತ ಕಾಣುತ್ತದೆ.

ಮಧ್ಯೆ ಡ್ರೋನ್ ಹುಚ್ಚು ಹಿಡಿಯಿತು. ಮದುವೆ ವೀಡಿಯೋ ಮಾಡುವವನಿಗೆ ಮೂರೂವರೆ ಸಾವಿರ ಕೊಟ್ಟೆ. ಹಾರಿಸುವ ಮೊದಲು ರೆಡ್ ಝೋನ್ (ಅನುಮತಿ ಇಲ್ಲದೆ ಡ್ರೋನ್ ಹಾರಿಸಬಾರದ ಜಾಗ) ನಕ್ಷೆ ನೋಡಿಕೊಳ್ಳಿ. ಮೇಲಿಂದ ತೆಗೆದರೆ ಇಳಿಜಾರೆಲ್ಲ ಸಪಾಟಾಗಿ ಕಾಣುತ್ತದೆ. ಅವನನ್ನೇ ಮತ್ತೆ ಕರೆಸಿ, ಮಾವಿನ ಮರದ ಎತ್ತರದಲ್ಲೇ ಗಡಿಗುಂಟ ಹಾರಿಸು ಅಂದೆ. ಆಗ ಇಳಿಜಾರು ಕಂಡಿತು. ಗೂಗಲ್ ಅರ್ಥ್‌ನ ಎಲಿವೇಷನ್ ಪ್ರೊಫೈಲ್ ಎರಡು ಎಕರೆಗೆ ತೀರಾ ಒರಟು ಲೆಕ್ಕ. ಕೊನೆಗೆ ಗೌಂಡಿಯ ನೀರಿನ ಪೈಪು ಹಿಡಿಸಿ ಲೆವೆಲ್ ನೋಡಿದ್ದೇ ಸರಿಯಾಗಿ ಬಂತು. ಗೇಟಿಗೂ ಕೆಳಗಿನ ಹಳ್ಳಕ್ಕೂ ಹತ್ತಿರ ಹತ್ತಿರ ಇಪ್ಪತ್ತು ಅಡಿ ವ್ಯತ್ಯಾಸ. ಸೆಕೆಂಡ್‌ಹ್ಯಾಂಡ್ 360 ಕ್ಯಾಮೆರಾ ಕೂಡ 17-18 ಸಾವಿರಕ್ಕೆ ತಂದು ಬಿದಿರಿನ ಕೋಲಿಗೆ ಕಟ್ಟಿಸಿದ್ದೆ. ಮೊದಲ ಮಳೆಗೇ ಲೆನ್ಸಿನೊಳಗೆ ಹಬೆ ಕೂತಿತು. ಆದರೂ ಸೂರಿನ ಕೆಳಗೆ ಅದನ್ನು ಎತ್ತಿ ಹಿಡಿದಾಗ ರೀಪು, ತೊಲೆ, ಗೆದ್ದಲು ಹಿಡಿದ ಜಾಗ ಎಲ್ಲ ಒಂದೇ ಸುತ್ತಿನಲ್ಲಿ ಸಿಕ್ಕವು. ಆ ಒಂದು ಕೆಲಸಕ್ಕೆ ಸಾಮಾನ್ಯ ಫೋನ್ ಸಾಲದು.

ಬಾವಿಗೆ ಹಗ್ಗ. ಪ್ರತಿ ಅಡಿಗೆ ಗಂಟು ಹಾಕಿ ತುದಿಗೆ ಕಲ್ಲು ಕಟ್ಟಿ, ಕ್ಯಾಮೆರಾ ಮುಂದೆಯೇ ಇಳಿಸಬೇಕು. ಎಷ್ಟು ಗಂಟು ಒದ್ದೆಯಾಗಿದೆ ಅಂತ ಎಣಿಸಿದರೆ ನೀರು ಎಷ್ಟಿದೆ ಅಂತ ಸಿಕ್ಕಿತು. ಆಮೇಲೆ ಮೋಟಾರ್ ಒಂದು ಗಂಟೆ ಓಡಿಸಿ ಮತ್ತೆ ಇಳಿಸಬೇಕು. ಇದನ್ನು ನಾವು ಮೇ ಕೊನೆಯಲ್ಲಿ ಮಾಡಿಸಿದೆವು. ಇನ್ನೊಂದು, ಯಾರೂ ಮಾತಾಡದೆ ಎರಡು ನಿಮಿಷ ಸುಮ್ನೆ ನಿಂತು ರೆಕಾರ್ಡ್ ಮಾಡಿಸಿ. ಹೀಗೇ ಒಂದು ಕಡೆ ಗುಡ್ಡದ ಆಚೆ ಇದ್ದ ಕಲ್ಲು ಕ್ರಷರ್ ಕೇಳಿಸಿತು. ಕೊನೆಗೆ ಹುಡುಗ ಪಕ್ಕದ ಹೊಲದವರಿಗೆ ಒಂದು ಪ್ರಶ್ನೆ ಕೇಳುತ್ತಿದ್ದ. ಅದು ಯಾವುದು ಅಂತ ನಾನು ಹೇಳಲ್ಲ, ಎಲ್ಲರೂ ಕೇಳತೊಡಗಿದರೆ ನಿಜವಾದ ಉತ್ತರ ಬರಲ್ಲ.

ಕಾಗದಪತ್ರ ನೋಡಿದ್ದು ಇಷ್ಟೆಲ್ಲ ಆದ ಮೇಲೆ. ಸಾತ್‌ಬಾರಾದ ಇತರ ಹಕ್ಕು ಕಾಲಂ (ಸಾಲ, ಬೇರೆಯವರ ಹಕ್ಕು ಇದ್ದರೆ ಅಲ್ಲಿರುತ್ತದೆ), ಫೇರಫಾರ್ ಅಂದರೆ ಮ್ಯುಟೇಷನ್ ದಾಖಲೆ, ಭೋಗವಟಾದಾರ್ ವರ್ಗ 1 (ಮಾಲೀಕರು ಅಡ್ಡಿಯಿಲ್ಲದೆ ಮಾರಬಹುದಾದ ಜಮೀನು) ಹೌದೋ ಅಲ್ಲವೋ, ಮನೆಗೆ ಗ್ರಾಮ ಪಂಚಾಯತಿಯ ತೆರಿಗೆ ದಾಖಲೆ ನಮುನಾ 8. ವಕೀಲರು ಸುಮಾರು 25 ಸಾವಿರ ತಗೊಂಡರು, ಅದರಲ್ಲಿ ಚೌಕಾಸಿ ಮಾಡಲಿಲ್ಲ.

ಚೌಕಾಸಿ ಮಾಡಿದ್ದು ಬೆಲೆಯಲ್ಲಿ. ಕೇಳಿದ್ದು 75 ಲಕ್ಷ. ಇಳಿಜಾರಿನ ಲೆಕ್ಕ, ಗೆದ್ದಲಿನ ಫೋಟೋ, ಬಾವಿಯ ವೀಡಿಯೋ ಮೂರನ್ನೂ ಟೇಬಲ್ ಮೇಲಿಟ್ಟೆ. 64ರ ಹತ್ತಿರ ಮುಗಿಯಿತು. ಕ್ಯಾಮೆರಾ, ಡ್ರೋನ್, ಹುಡುಗನ ಕೂಲಿ ಎಲ್ಲ ಸೇರಿ ಖರ್ಚು ಎಪ್ಪತ್ತು ಸಾವಿರದ ಒಳಗೇ. ಪಕ್ಕದ ಪುರಂದರ ತಾಲೂಕಿನ ಪೂರ್ವ ಭಾಗದಲ್ಲಿ ಜಮೀನು ನೋಡುತ್ತಿರುವವರು ಹಗ್ಗದ ವೀಡಿಯೋ ಒಂದನ್ನು ಮಾತ್ರ ಬಿಡಬೇಡಿ. ಭೋರ್‌ಗೆ ಬೀಳುವ ಮಳೆ ಅಲ್ಲಿ ಬೀಳುವುದಿಲ್ಲ.