ಕನಸಲ್ಲಿ ಮಂಗ ಓಡಿಸುತ್ತಿದ್ದ ಮಾವ

ವಯಸ್ಸಾದವರು ರಾತ್ರಿ ಕಿರುಚಿದರೆ ನಮ್ಮ ಕಡೆ ಮೊದಲು ಬರುವ ಮಾತು ‘ಗಾಳಿ ಸೋಕಿದೆ’. ಆಮೇಲೆ ‘ಒಂದು ನಿದ್ದೆ ಮಾತ್ರೆ ಕೊಡಿ’. ನಾನು ಎರಡಕ್ಕೂ ಕೈ ಹಾಕದೆ, ಕಿರುಚಿದ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾ ಹೋದೆ.

ಮಾವನಿಗೆ ಎಪ್ಪತ್ತು ದಾಟಿದೆ. ಸಾಗರದ ಹತ್ತಿರ ಅಡಿಕೆ ತೋಟ. ಹಗಲು ಮೆತ್ತಗಿನ ಮನುಷ್ಯ. ರಾತ್ರಿ ಮಾತ್ರ ಕಣ್ಣು ಮುಚ್ಚಿಕೊಂಡೇ ಕೈ ಬೀಸೋದು, ಒದೆಯೋದು, ‘ಹಚಾ ಹಚಾ’ ಅಂತ ಕೂಗೋದು. ಒಂದು ಸಲ ಮೊಣಕೈ ತಾಗಿ ಅತ್ತೆಯ ಹುಬ್ಬು ಬಾತುಕೊಂಡಿತು. ದೂರದಿಂದ ಹೆಸರು ಹಿಡಿದು ಕರೆದರೆ ತಕ್ಷಣ ಎಚ್ಚರ. ‘ತೋಟಕ್ಕೆ ಮಂಗ ನುಗ್ಗಿತ್ತು ಮಾರಾಯ್ತಿ’ ಅಂತ ಕನಸು ಪೂರ್ತಿ ಹೇಳೋರು. ಮುಟ್ಟಿ ಅಲುಗಾಡಿಸಬಾರದು, ಮಂಗನಿಗೆ ಬೀಳೋ ಏಟು ನಮಗೇ ಬೀಳುತ್ತೆ.

ಬರೆದಿಟ್ಟದ್ದನ್ನು ನೋಡಿದರೆ ಬಹುಪಾಲು ಬೆಳಗಿನ ಜಾವ. ನರರೋಗದ ಡಾಕ್ಟರಿಗೆ ಬೇಕಾಗಿದ್ದೂ ಇದೇ. ನಿದ್ದೆ ಹತ್ತಿದ ಹೊಸದರಲ್ಲೇ ಬೆಚ್ಚಿಬಿದ್ದು, ಆಮೇಲೆ ಏನೂ ನೆನಪಿಲ್ಲ ಅಂದರೆ ಅದು ಬೇರೆ ಥರ. ಕನಸು ಜಾಸ್ತಿ ಬೀಳೋ ನಿದ್ದೆಗೆ ಆರ್‌ಇಎಂ ಅಂತಾರೆ, ರಾತ್ರಿಯ ಕೊನೆಭಾಗದಲ್ಲಿ ಅದು ಹೆಚ್ಚು. ಆಗ ಮೆದುಳು ಕೈಕಾಲಿನ ಸ್ನಾಯುಗಳನ್ನು ಅಲುಗದಂತೆ ಹಿಡಿದಿಟ್ಟಿರುತ್ತೆ. ಆ ಹಿಡಿತ ತಪ್ಪಿದರೆ ಕನಸಲ್ಲಿ ಓಡಿದವರ ಕಾಲು ಮಂಚದ ಮೇಲೂ ಓಡುತ್ತೆ. ಅಮೆರಿಕದ ಮಿನೆಸೋಟದಲ್ಲಿ ಶೆಂಕ್ ಮತ್ತು ಮಹೋವಾಲ್ಡ್ ಎಂಬ ವೈದ್ಯರು 1986ರಲ್ಲಿ ಇದನ್ನು ಬೇರೆಯೇ ಕಾಯಿಲೆ ಅಂತ ಗುರುತಿಸಿದರು.

ಮಾವ ತಗೊಳ್ಳೋ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಒಯ್ದಿದ್ದೆ. ಬಿಪಿಯ ಕೆಲವು ಮಾತ್ರೆ ಕೆಟ್ಟ ಕನಸು ತರಿಸುತ್ತವಂತೆ. ಖಿನ್ನತೆಯ ಕೆಲವು ಮಾತ್ರೆಯಿಂದ ಈ ಕೈಕಾಲು ಆಡಿಸೋದೇ ಶುರುವಾಗಬಹುದು. ಹಾಗಂತ ನಾವೇ ನಿಲ್ಲಿಸಿಬಿಡೋದಲ್ಲ. ಮಾವನ ಚೀಲದಲ್ಲಿ ಅಂಥದ್ದು ಇರಲಿಲ್ಲ. ಆದರೆ ಗೊರಕೆ ಇತ್ತು. ಉಸಿರು ಕಟ್ಟೋ ಗೊರಕೆಯವರೂ ಹೀಗೇ ಒದ್ದಾಡುತ್ತಾರೆ ಅಂತ ಒಂದು ರಾತ್ರಿ ತಲೆಗೆ, ಗಲ್ಲಕ್ಕೆ, ಕಾಲಿಗೆ ವೈರು ಅಂಟಿಸಿ ಮಲಗಿಸಿ ನೋಡಿದರು. ‘ಇಷ್ಟೆಲ್ಲ ಕಟ್ಟಿಹಾಕಿ ನಿದ್ದೆ ಮಾಡು ಅಂದ್ರೆ?’ ಅಂತ ಮಾವನ ಗೊಣಗಾಟ. ಕನಸಿನ ನಿದ್ದೆಯಲ್ಲಿ ಸ್ನಾಯುಗಳ ಹಿಡಿತ ತಪ್ಪುತ್ತಿದೆ ಅನ್ನೋ ಡಾಕ್ಟರ ಅನುಮಾನ ನಿಜವಾಯಿತು.

ಮಾತ್ರೆಗಿಂತ ಮೊದಲು ಕೋಣೆ ಬದಲಾಯಿಸಿದೆ. ಮಂಚ ತೆಗೆಸಿ ನೆಲಕ್ಕೆ ಹಾಸಿಗೆ. ಮೂಲೆ ಚೂಪಿದ್ದ ಮರದ ಪೆಟ್ಟಿಗೆ, ತಾಮ್ರದ ಚೊಂಬು, ಬಾಗಿಲ ಹಿಂದಿನ ಕತ್ತಿ ಎಲ್ಲ ಜಗಲಿಗೆ. ಅತ್ತೆಗೆ ಬೇರೆ ಹಾಸಿಗೆ. ಇದಕ್ಕೆ ಅತ್ತೆ ಒಪ್ಪಲು ಹುಬ್ಬು ಬಾತದ್ದೂ ಸಾಕಾಗಲಿಲ್ಲ, ಡಾಕ್ಟರೇ ಹೇಳಬೇಕಾಯಿತು. ಮೆಲಟೋನಿನ್ ಅನ್ನೋ ನಿದ್ದೆಯ ಹಾರ್ಮೋನಿನ ಮಾತ್ರೆ ಶುರುಮಾಡಿದರು. ಕ್ಲೊನಾಜೆಪಾಮ್ ಅನ್ನೋ ಮಂಪರಿನ ಮಾತ್ರೆ ಕೂಡ ಕೆಲಸ ಮಾಡುತ್ತೆ, ಆದರೆ ವಯಸ್ಸಾದವರು ತೂರಾಡಿ ಬೀಳೋ ಭಯ ಅಂತ ಬಿಟ್ಟರು. ಈಗ ಕೂಗು ಇದೆ, ಒದೆ ಕಮ್ಮಿ.

ಕಷ್ಟದ ಮಾತು ಇನ್ನೊಂದಿತ್ತು. ಬೇರೆ ಕಾರಣ ಕಾಣದೆ ಕನಸಿನ ಈ ಕಾಯಿಲೆ ಬಂದವರಲ್ಲಿ ಹಲವರಿಗೆ ವರ್ಷಗಳ ನಂತರ ಕೈ ನಡುಗೋ ಪಾರ್ಕಿನ್ಸನ್ ಅಥವಾ ಅದರ ಜಾತಿಯ ಮರೆವಿನ ಕಾಯಿಲೆ ಬರುತ್ತೆ. ತಡೆಯೋ ಮಾತ್ರೆ ಇನ್ನೂ ಇಲ್ಲ. ಇದನ್ನು ಮಾವನಿಂದ ಮುಚ್ಚಿಡೋಣ ಅಂದರು ನಮ್ಮವರು. ಗದ್ದೆ-ತೋಟದ ಲೆಕ್ಕ ಇವತ್ತಿಗೂ ಅವರ ಕೈಯಲ್ಲೇ ಇರುವಾಗ ಮುಚ್ಚಿಡೋದು ನನಗೆ ಸರಿ ಕಾಣಲಿಲ್ಲ. ಹೇಳಿದೆವು. ಸುಮ್ನೆ ಕೇಳಿಸಿಕೊಂಡು, ‘ಹಾಗಾದರೆ ತೋಟದ ಪಾಲು ಈ ಕೊಯ್ಲು ಮುಗಿದ ಕೂಡಲೇ ಬರೆದುಬಿಡೋಣ’ ಅಂದರು.