ನಾಲಿಗೆಯ ಕೆಳಗಿನ ಮಾತ್ರೆ: ಓಪಿಯಾಯ್ಡ್ ಚಟ ಬಿಡಿಸುವ ಕೆಲಸದಲ್ಲಿ ನನ್ನ ಅನುಭವ

ನೋವಿನ ಮಾತ್ರೆ ನುಂಗುತ್ತಾ ನುಂಗುತ್ತಾ ಅದಿಲ್ಲದೆ ಹಾಸಿಗೆಯಿಂದ ಏಳಲಾಗದವರು, ಬ್ರೌನ್ ಶುಗರ್ ಎಂಬ ಕಲಬೆರಕೆ ಹೆರಾಯಿನ್ ಸೇದುವವರು, ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಸೂಜಿಯಿಂದ ಏರಿಸಿಕೊಳ್ಳುವ ಹುಡುಗರು, ಇವರೆಲ್ಲರ ಚಟ ಒಂದೇ ಗುಂಪಿನದು: ಓಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ ಪದಾರ್ಥಗಳು. ಇವರಿಗೆ ನಮ್ಮಲ್ಲಿ ಕೊಡುವ ಮುಖ್ಯ ಔಷಧ ಬುಪ್ರೆನಾರ್ಫಿನ್ ಮತ್ತು ನಲಾಕ್ಸೋನ್ ಸೇರಿದ ಮಾತ್ರೆ. ಕೆಲಸ ಮಾಡುವುದು ಬುಪ್ರೆನಾರ್ಫಿನ್; ಓಪಿಯಾಯ್ಡ್ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಅದರಲ್ಲಿರುವುದು ಮಾತ್ರೆಯನ್ನು ಸೂಜಿಯಿಂದ ಏರಿಸಿಕೊಳ್ಳದಿರಲಿ ಎಂದು. ಡೋಸ್ ಬರೆಯುವುದು ಡಾಕ್ಟರ ಕೆಲಸ. ಆ ಮಾತ್ರೆ ಬಾಯಿಗೆ ಹೋಗುವ ಮೊದಲಿನ ಕಾಯುವಿಕೆ, ಹೋದ ಮೇಲಿನ ಹತ್ತು ನಿಮಿಷ, ಆಮೇಲಿನ ತಿಂಗಳುಗಳು ನರ್ಸ್ ಆದ ನನ್ನ ಪಾಲಿನವು. ಕೆಡುವುದೂ ಹೆಚ್ಚಾಗಿ ಅಲ್ಲೇ, ಆದ್ದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮನೆಯವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಒಂದು ಮಾತ್ರೆ ಬಿಡಿಸಿ ಅಂತ ಕರ್ಕೊಂಡು ಬಂದ್ರೆ ಇನ್ನೊಂದು ಮಾತ್ರೆ ಹಿಡಿಸ್ತೀರಲ್ಲ ಸಿಸ್ಟರ್?" ಇದಕ್ಕೆ ಅವಸರದ ಉತ್ತರ ಕೊಟ್ಟರೆ ಮೂರನೇ ವಾರ ಅವರೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಕೂರಿಸಿಕೊಂಡು ಹೇಳುತ್ತೇನೆ. ಹೆರಾಯಿನ್, ಟ್ಯಾಪೆಂಟಡಾಲ್ ಇವು ಬೇಗ ಏರಿ ಬೇಗ ಇಳಿಯುತ್ತವೆ. ಇಳಿದಾಗಲೆಲ್ಲ ಮೈ ಮುರಿಯುವ ನೋವು, ಭೇದಿ, ನಿದ್ದೆಗೇಡು. ಆ ನೋವು ತಪ್ಪಿಸಿಕೊಳ್ಳಲು ಮತ್ತೆ ಹುಡುಕಾಟ, ಸಾಲ, ಕಳ್ಳತನ. ಬುಪ್ರೆನಾರ್ಫಿನ್ ಮೆದುಳಿನಲ್ಲಿ ಅದೇ ಜಾಗಕ್ಕೆ ಹೋಗಿ ಕೂರುತ್ತದೆ, ಬಿಗಿಯಾಗಿ ಕೂರುತ್ತದೆ, ಆದರೆ ಅರ್ಧದಷ್ಟೇ ಕೆಲಸ ಮಾಡುತ್ತದೆ. ಒಂದು ಡೋಸ್ ಒಂದು ದಿನಕ್ಕೂ ಮೀರಿ ತಡೆಯುತ್ತದೆ. ಒಂದು ಮಟ್ಟದ ಮೇಲೆ ಎಷ್ಟು ಹೆಚ್ಚಿಸಿದರೂ ಅಮಲು ಏರುವುದಿಲ್ಲ. ಮೇಲೆ ಬೇರೆ ಹಾಕಿಕೊಂಡರೂ ಅದಕ್ಕೆ ಜಾಗ ಸಿಗುವುದಿಲ್ಲ. ಬೆಳಿಗ್ಗೆ ಮಾತ್ರೆ ತೆಗೆದುಕೊಂಡ ಹುಡುಗ ಒಂಬತ್ತಕ್ಕೆ ಕೆಲಸಕ್ಕೆ ಹೋಗಬಲ್ಲ. ಚಟ ಎನ್ನುವುದು ಬದುಕನ್ನು ತಿನ್ನುವ ಆ ಹುಡುಕಾಟ. ಈ ಮಾತ್ರೆ ನಿಲ್ಲಿಸುವುದು ಅದನ್ನು.

"ಹತ್ತು ದಿನ ಅಡ್ಮಿಟ್ ಮಾಡಿ ಕ್ಲೀನ್ ಮಾಡಿ ಕಳಿಸಿ ಸಾಕು" ಎನ್ನುವವರಿಗೆ ನಾನು ಹೆದರಿಸುವಷ್ಟು ಸ್ಪಷ್ಟವಾಗಿ ಹೇಳುವ ಮಾತು ಒಂದಿದೆ. ಹತ್ತು ದಿನದಲ್ಲಿ ಮೈಯ ನೋವು ಇಳಿಯುತ್ತದೆ, ಆಸೆ ಇಳಿಯುವುದಿಲ್ಲ. ಆದರೆ ಇಳಿಯುವ ಇನ್ನೊಂದಿದೆ: ತಡೆದುಕೊಳ್ಳುವ ಶಕ್ತಿ. ಮೊದಲು ದಿನಕ್ಕೆ ಎಂಟು ಹತ್ತು ಮಾತ್ರೆ ಸಹಿಸುತ್ತಿದ್ದ ದೇಹ ಕೆಲವೇ ವಾರ ಬಿಟ್ಟ ಮೇಲೆ ಅಷ್ಟನ್ನು ಸಹಿಸುವುದಿಲ್ಲ. ಹಳೆಯ ಲೆಕ್ಕದಲ್ಲಿ ಹಾಕಿಕೊಂಡ ಮೊದಲ ಸಲವೇ ಉಸಿರು ನಿಲ್ಲಬಹುದು. ಜೈಲಿನಿಂದ, ಪುನರ್ವಸತಿ ಕೇಂದ್ರದಿಂದ ಹೊರಬಂದ ಮೊದಲ ವಾರಗಳು ಇವರಿಗೆ ಅತ್ಯಂತ ಅಪಾಯದವು ಎನ್ನುವುದು ಇದೇ ಕಾರಣಕ್ಕೆ.

ಇನ್ನು ಮೊದಲ ಡೋಸ್. ಇಲ್ಲಿ ಅವಸರ ಮಾಡಿದರೆ ಹುಡುಗ ಮತ್ತೆ ಬರುವುದೇ ಇಲ್ಲ. ಮೈಯಲ್ಲಿ ಹೆರಾಯಿನ್ ಅಥವಾ ಟ್ಯಾಪೆಂಟಡಾಲ್ ಇನ್ನೂ ಇರುವಾಗ ಬುಪ್ರೆನಾರ್ಫಿನ್ ಕೊಟ್ಟರೆ, ಅದು ಇದ್ದದ್ದನ್ನು ಒದ್ದು ಹೊರಹಾಕಿ ತಾನು ಕೂರುತ್ತದೆ. ಪೂರ್ತಿ ಕೆಲಸ ಮಾಡುತ್ತಿದ್ದುದರ ಜಾಗದಲ್ಲಿ ಅರ್ಧ ಕೆಲಸದ್ದು ಬಂತು. ಅರ್ಧ ಒಂದು ಗಂಟೆಯೊಳಗೆ ವಾಂತಿ, ಭೇದಿ, ನಡುಕ, ಸಂಕಟ ಒಟ್ಟಿಗೇ ಬರುತ್ತವೆ. ಎರಡು ದಿನದಲ್ಲಿ ನಿಧಾನವಾಗಿ ಬರಬೇಕಾದ ಯಾತನೆ ಒಂದೇ ಏಟಿಗೆ ಬಂದಂತೆ. ಮಾತ್ರೆಯೇ ವಿಷ ಎಂದು ಆತ ನಂಬಿಬಿಡುತ್ತಾನೆ, ನಾಲ್ಕು ಜನಕ್ಕೆ ಹೇಳುತ್ತಾನೆ ಕೂಡ.

ಅದಕ್ಕೇ ಕೊನೆಯ ಸಲ ಯಾವಾಗ ತೆಗೆದುಕೊಂಡೆ ಎಂದು ಗಂಟೆ ಸಮೇತ ಕೇಳುತ್ತೇನೆ. ಹೆರಾಯಿನ್ ಅಥವಾ ಸಾದಾ ಟ್ಯಾಪೆಂಟಡಾಲ್ ಆದರೆ ಕನಿಷ್ಠ 12 ಗಂಟೆ, ನಿಧಾನವಾಗಿ ಕರಗುವ ಎಸ್ಆರ್, ಇಆರ್ ಮಾತ್ರೆ ಆದರೆ 24 ಗಂಟೆ. ಆದರೂ ಗಡಿಯಾರವನ್ನೊಂದೇ ನಂಬುವುದಿಲ್ಲ, ಮೈಯನ್ನು ನೋಡುತ್ತೇನೆ. ಕೌಸ್ ಎಂಬ ಅಳತೆಪಟ್ಟಿಯಲ್ಲಿ 11 ಲಕ್ಷಣಗಳಿಗೆ ಅಂಕ ಕೊಡುತ್ತೇವೆ. ನಾಡಿ, ಬೆವರು, ಚಡಪಡಿಕೆ, ಕೀಲುನೋವು, ಹೊಟ್ಟೆ ತೊಳೆಸುವಿಕೆ ಎಲ್ಲ ಅದರಲ್ಲಿವೆ. ಬಾಯಿಮಾತಿಗೆ ಸಿಗದೆ ಕಣ್ಣಿಗೇ ಕಾಣುವ ಲಕ್ಷಣಗಳ ಮೇಲೆ ನನಗೆ ನಂಬಿಕೆ ಜಾಸ್ತಿ. ಮಾತಾಡುತ್ತಿರುವಾಗಲೇ ಮೂರು ನಾಲ್ಕು ಸಲ ಆಕಳಿಕೆ. ಶೀತವಿಲ್ಲದೆ ಸೋರುವ ಮೂಗು. ಮುಂಗೈ ಮೇಲೆ ಕೈಯಾಡಿಸಿದರೆ ಕೋಳಿಯ ಚರ್ಮದ ಹಾಗೆ ಎದ್ದು ನಿಂತ ಗುಳ್ಳೆ, ನೆಟ್ಟಗಾದ ಕೂದಲು. ರೂಮಿನಲ್ಲಿ ಬೆಳಕಿದ್ದರೂ ಅಗಲವಾಗೇ ಉಳಿದ ಕಣ್ಣಿನ ಪಾಪೆ. ಅಮಲಿನಲ್ಲಿದ್ದರೆ ಅದೇ ಪಾಪೆ ಸೂಜಿಮೊನೆಯಷ್ಟು ಇರುತ್ತದೆ. ಪಾಪೆ ಚಿಕ್ಕದಿದ್ದು "ತುಂಬಾ ನೋವು ಸಿಸ್ಟರ್, ಬೇಗ ಕೊಡಿ" ಎಂದರೆ ಇನ್ನೂ ಕಾಯಿಸುತ್ತೇನೆ. ಅಂಕ 8 ದಾಟುವವರೆಗೆ ಮಾತ್ರೆ ತೆಗೆಯುವುದಿಲ್ಲ, 12 ದಾಟಿದರೆ ಇನ್ನೂ ಒಳ್ಳೆಯದು. ಈ ಕಾಯುವ ಹೊತ್ತಿನಲ್ಲಿ ಬಿಸಿ ಕಾಫಿ, ಹೊದಿಯಲು ಒಂದು ಕಂಬಳಿ, ಪಕ್ಕದಲ್ಲಿ ಒಬ್ಬರು ಇರುವುದು ಬಹಳ ಮುಖ್ಯ. ಒಬ್ಬನೇ ಬೆಂಚಿನ ಮೇಲೆ ಕೂತರೆ ಎದ್ದು ಹೋಗಿಬಿಡುತ್ತಾನೆ.

ಮೊದಲ ಡೋಸ್ ಸಾಮಾನ್ಯವಾಗಿ 2 ಮಿಲಿಗ್ರಾಂ. ಒಂದೆರಡು ಗಂಟೆ ನೋಡಿ, ಲಕ್ಷಣ ಇಳಿಯದಿದ್ದರೆ ಇನ್ನೊಂದು 2 ಅಥವಾ 4. ಮೊದಲ ದಿನ ಎಲ್ಲ ಸೇರಿ 8ರ ಒಳಗೆ ನಿಲ್ಲುವುದು ವಾಡಿಕೆ. ಮರುದಿನ ಬೆಳಿಗ್ಗೆ ಎದ್ದಾಗ ಹೇಗಿತ್ತು ಎಂಬುದರ ಮೇಲೆ ಡಾಕ್ಟರು ಡೋಸ್ ಹೆಚ್ಚಿಸುತ್ತಾರೆ. ರಾತ್ರಿ ಬೆವರಿ ಎದ್ದಿದ್ದರೆ, ಮಧ್ಯಾಹ್ನದ ಮೇಲೆ ಆಸೆ ಕಾಡಿದ್ದರೆ ಡೋಸ್ ಸಾಲದು ಎಂದರ್ಥ. ಕಡಿಮೆ ಕೊಟ್ಟರೆ ಒಳ್ಳೆಯದು ಎಂದು ಮನೆಯವರು ಅರ್ಧ ಮುರಿದು ಕೊಡುವುದುಂಟು. ಮತ್ತೆ ಜಾರುವುದಕ್ಕೆ ನಾನು ಕಂಡ ದೊಡ್ಡ ಕಾರಣ ಈ ಅರ್ಧ ಡೋಸ್.

ಮಾತ್ರೆ ಇಡುವ ಕ್ರಮಕ್ಕೂ ಇಷ್ಟೇ ಗಮನ ಬೇಕು. ನುಂಗಿದರೆ ಬುಪ್ರೆನಾರ್ಫಿನ್ ಹೆಚ್ಚಿನ ಪಾಲು ಯಕೃತ್ತಿನಲ್ಲೇ ಹಾಳಾಗುತ್ತದೆ. ಮೊದಲು ಒಂದು ಗುಟುಕು ನೀರು ಕುಡಿಸಿ ಬಾಯಿ ಒದ್ದೆ ಮಾಡಿಸುತ್ತೇನೆ. ಒಣಗಿದ ಬಾಯಲ್ಲಿ ಅರ್ಧ ಗಂಟೆಯಾದರೂ ಕರಗುವುದಿಲ್ಲ. ನಾಲಿಗೆ ಎತ್ತಿಸಿ, ನಡುವಿನ ಮಡಿಕೆಯ ಪಕ್ಕಕ್ಕೆ ಮಾತ್ರೆ ಇಟ್ಟು, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸುತ್ತೇನೆ. 5ರಿಂದ 10 ನಿಮಿಷ ಮಾತಿಲ್ಲ, ಫೋನಿಲ್ಲ, ಸಿಗರೇಟಿಲ್ಲ. ಮಾತಾಡಿದರೆ ಜೊಲ್ಲಿನ ಜೊತೆ ಔಷಧವೂ ಹೊಟ್ಟೆಗೆ ಹೋಗುತ್ತದೆ. ಕೊನೆಗೆ ಟಾರ್ಚ್ ಹಾಕಿ ನೋಡುತ್ತೇನೆ: ನಾಲಿಗೆಯ ಕೆಳಗೆ ತೆಳ್ಳಗೆ ಬಿಳಿ ಪೇಸ್ಟ್ ಇದ್ದರೆ ಇನ್ನೂ ಎರಡು ನಿಮಿಷ. ಕೆನ್ನೆ ಮತ್ತು ಒಸಡಿನ ಸಂದಿಯನ್ನೂ ನೋಡಬೇಕು, ಮಾತ್ರೆ ಅಡಗಿಸಿ ಹೊರಗೆ ಮಾರುವವರಿದ್ದಾರೆ. ಬೈಯುವುದಿಲ್ಲ, ಬಾಯಿ ತೆರೆಸುವುದನ್ನು ಎಲ್ಲರಿಗೂ ಒಂದೇ ರೀತಿ ಮಾಡುತ್ತೇನೆ. ಒಬ್ಬನಿಗೆ ಮಾತ್ರ ಮಾಡಿದರೆ ಅದು ಅವಮಾನ.

ಪೂರ್ತಿ ಕರಗಿದ ಮೇಲೆ ನೀರು ಹಾಕಿ ಮುಕ್ಕಳಿಸಿ ನುಂಗಬೇಕು. ಹಲ್ಲುಜ್ಜುವುದು ಒಂದು ಗಂಟೆ ಬಿಟ್ಟು. ಈ ಮಾತ್ರೆಯಿಂದ ಹಲ್ಲು ಹುಳುಕಾಗುವುದು ಕಂಡಿದೆ, ಇದನ್ನು ಯಾರೂ ಹೇಳದೆ ಎರಡು ವರ್ಷದ ಮೇಲೆ ಹಲ್ಲು ಕೀಳಿಸಿಕೊಳ್ಳುವ ಸ್ಥಿತಿ ಬರಬಾರದು. ಮಲಬದ್ಧತೆ ಹಲವರಿಗೆ ಬರುತ್ತದೆ. ಮೊದಲ ವಾರದಿಂದಲೇ ನೀರು, ಸೊಪ್ಪು, ಬೇಕಾದರೆ ಇಸಬ್‌ಗೋಲ್.

ಕುಡಿತ ಮತ್ತು ನಿದ್ದೆ ಮಾತ್ರೆಯ ಬಗ್ಗೆ ನಾನು ಪ್ರತಿ ಭೇಟಿಯಲ್ಲೂ ಕೇಳುತ್ತೇನೆ, ಹತ್ತು ಸಲ ಕೇಳಿದ್ದರೂ ಹನ್ನೊಂದನೇ ಸಲ ಕೇಳುತ್ತೇನೆ. ಬುಪ್ರೆನಾರ್ಫಿನ್ ಒಂದೇ ಇದ್ದಾಗ ಉಸಿರು ನಿಲ್ಲುವುದು ಅಪರೂಪ. ಅದರ ಜೊತೆ ಆಲ್ಪ್ರಜೋಲಾಮ್ ಅಥವಾ ಮದ್ಯ ಸೇರಿದರೆ ಆ ರಕ್ಷಣೆ ಹೋಯಿತು.

ಮನೆಯವರು ಮೆಡಿಕಲ್ ಶಾಪಿನಿಂದ ತರುವ ಮೂತ್ರ ಪರೀಕ್ಷೆಯ ಪಟ್ಟಿಯ ವಿಚಾರ. ಸಾಮಾನ್ಯ ಪಟ್ಟಿ ಹಿಡಿಯುವುದು ಮಾರ್ಫಿನ್ ಜಾತಿಯದನ್ನು. ಟ್ಯಾಪೆಂಟಡಾಲ್, ಟ್ರಮಡಾಲ್ ಅದರಲ್ಲಿ ಕಾಣುವುದಿಲ್ಲ. ನೆಗೆಟಿವ್ ಬಂತೆಂದು ಅಪ್ಪ ನಿಶ್ಚಿಂತೆಯಿಂದ ಇರುತ್ತಾರೆ, ಮಗ ಅದೇ ಹೊತ್ತಿನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಬುಪ್ರೆನಾರ್ಫಿನ್‌ಗೂ ಬೇರೆಯದೇ ಪಟ್ಟಿ ಬೇಕು. ಇನ್ನೊಂದು ಕಡೆ, ಹಬ್ಬದ ದಿನ ಎರಡು ಲೋಟ ಗಸಗಸೆ ಪಾಯಸ ಕುಡಿದವನಿಗೆ ಮಾರನೆಯ ದಿನ ಮಾರ್ಫಿನ್ ಪಾಸಿಟಿವ್ ಬರಬಹುದು. ಗಸಗಸೆ ಅಫೀಮಿನ ಗಿಡದ ಬೀಜವೇ ತಾನೆ. ಆಣೆ ಮಾಡಿ ಅಳುತ್ತಿರುವ ಹುಡುಗನನ್ನು ಹೊಡೆಯುವ ಮೊದಲು ನಿನ್ನೆ ಮನೆಯಲ್ಲಿ ಏನು ಅಡುಗೆ ಎಂದು ಕೇಳಿ. ಫಲಿತಾಂಶವನ್ನು ಶಿಕ್ಷೆಗೆ ಬಳಸಿದರೆ ಮುಂದಿನ ಸಲ ಬೇರೆಯವರ ಮೂತ್ರ ಬರುತ್ತದೆ, ಅಷ್ಟೇ.

ಸೂಜಿ ಬಳಸಿದವರಿಗೆಲ್ಲ ಎಚ್ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮೊದಲ ವಾರದಲ್ಲೇ. ಹೆಪಟೈಟಿಸ್ ಸಿ ಇಂದು ಮಾತ್ರೆಯಿಂದ, ಸಾಮಾನ್ಯವಾಗಿ 12 ವಾರದಲ್ಲಿ, ವಾಸಿಯಾಗುವ ಕಾಯಿಲೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಔಷಧ ಉಚಿತ.

ಮನೆಯ ಒಬ್ಬರಿಗಾದರೂ ಉಸಿರು ನಿಲ್ಲುವ ಸ್ಥಿತಿಯನ್ನು ಗುರುತಿಸಲು ಕಲಿಸುತ್ತೇನೆ. ಕರೆದರೂ, ಎದೆಮೂಳೆಯನ್ನು ಗೆಣ್ಣಿನಿಂದ ಒತ್ತಿ ಉಜ್ಜಿದರೂ ಏಳುವುದಿಲ್ಲ. ಪಾಪೆ ಸೂಜಿಮೊನೆಯಷ್ಟು. ತುಟಿ ನೀಲಿ. ಉಸಿರು ಬಹಳ ನಿಧಾನ, ಅಥವಾ ಗೊರಗೊರ ಸದ್ದು. ಆ ಸದ್ದನ್ನು ಗೊರಕೆ ಎಂದುಕೊಂಡು ಮಲಗಲು ಬಿಟ್ಟು ಕಳೆದುಕೊಂಡ ತಾಯಂದಿರಿದ್ದಾರೆ. 108ಕ್ಕೆ ಫೋನ್ ಮಾಡಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು ಐದು ಸೆಕೆಂಡಿಗೊಂದರಂತೆ ಬಾಯಿಂದ ಉಸಿರು ಕೊಡಿ. ತಾನೇ ಉಸಿರಾಡುತ್ತಿದ್ದರೆ ಎಡಕ್ಕೆ ಮಗ್ಗುಲು ಮಾಡಿ ಮಲಗಿಸಿ. ಮಜ್ಜಿಗೆ, ನಿಂಬೆಹಣ್ಣಿನ ರಸ, ಉಪ್ಪುನೀರು ಏನನ್ನೂ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಇಂಜೆಕ್ಷನ್ ಕೊಟ್ಟರೆ ನಿಮಿಷಗಳಲ್ಲಿ ಎದ್ದು ಕೂರುತ್ತಾನೆ. ಆದರೆ ಅದು ಕೆಲಸ ಮಾಡುವುದು ಅರ್ಧದಿಂದ ಒಂದೂವರೆ ಗಂಟೆ ಮಾತ್ರ. ಎದ್ದ ಎಂದು ಮನೆಗೆ ಕರೆದೊಯ್ದರೆ ದಾರಿಯಲ್ಲೇ ಮತ್ತೆ ಮುಳುಗಬಹುದು.

ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಬರದವರೇ ಬಹಳ. 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ, 64ಎ ಕಲಮು ಓದಿ ಹೇಳುತ್ತೇನೆ: ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂತೆಗೆಯಬಹುದು. ಹಾಗೆಯೇ ಕಟ್ಟಿಹಾಕುವ ಕೇಂದ್ರಗಳ ಬಗ್ಗೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಟವೂ ಸೇರಿದೆ, ಸರಪಳಿ ಹಾಕುವುದು ಅಪರಾಧ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿದರೆ ಹಣ ಕೊಡದೆ ದಾರಿ ಕೇಳಬಹುದು.

ಮಾತ್ರೆ ಎಷ್ಟು ದಿನ? ಒಂದು ವರ್ಷಕ್ಕೆ ಮುಂಚೆ ಇಳಿಸುವ ಮಾತನ್ನು ನಾನು ಎತ್ತುವುದಿಲ್ಲ. ಕೆಲಸದಲ್ಲಿ ನೆಲೆ ನಿಂತಿರಬೇಕು, ಸಾಲ ತೀರುವ ಹಾದಿಯಲ್ಲಿರಬೇಕು, ಹಳೆಯ ನಂಬರುಗಳು ಫೋನಿನಿಂದ ಹೋಗಿರಬೇಕು. ನಡುವೆ ಐದಾರು ದಿನ ತಪ್ಪಿಸಿದ್ದರೆ ಹಳೆಯ ಡೋಸ್ ಕೊಡುವಂತಿಲ್ಲ, ಮತ್ತೆ ಅಳತೆಪಟ್ಟಿ ಹಿಡಿದು ಮೊದಲ ದಿನದಿಂದ. ಇಳಿಸುವಾಗ ಮೊದಮೊದಲು ಎರಡು ನಾಲ್ಕು ವಾರಕ್ಕೆ 2 ಮಿಲಿಗ್ರಾಂ ಸಲೀಸಾಗಿ ಇಳಿಯುತ್ತದೆ. ಕೊನೆಯ 2 ಮಿಲಿಗ್ರಾಂ ಎಲ್ಲರಿಗೂ ಕಷ್ಟ. ಅಲ್ಲಿ 0.4ರ ಸಣ್ಣ ಮಾತ್ರೆಗೆ ಬಂದು, ಒಂದೊಂದು ಮಾತ್ರೆಯನ್ನು ತಿಂಗಳಿಗೊಮ್ಮೆ ಕಡಿಮೆ ಮಾಡುವುದು. ನಿದ್ದೆ ಕೆಟ್ಟರೆ, ಕಾಲು ಒದೆಯಲು ಶುರುವಾದರೆ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ಕಾಯುತ್ತೇವೆ. ಹಿಂದಿನ ಡೋಸಿಗೆ ಹೋಗಬೇಕಾಗಿ ಬಂದರೆ ಹೋಗುತ್ತೇವೆ. ಕೊನೆಯ ಮಾತ್ರೆ ನಿಂತ ಮೇಲೂ ವಾರದ ಅದೇ ದಿನ, ಅದೇ ಹೊತ್ತಿಗೆ ಬರಲು ಹೇಳಿ ಚೀಟಿಯಲ್ಲಿ ಮುಂದಿನ ಆರು ತಿಂಗಳ ತಾರೀಖುಗಳನ್ನು ಬರೆದುಕೊಡುತ್ತೇನೆ, ಒಂದು ತಾರೀಖು ತಪ್ಪಿದರೂ ಸಂಜೆಯೊಳಗೆ ನಾನೇ ಫೋನ್ ಮಾಡುತ್ತೇನೆ.